ಬೆನ್ನು ಮುಟ್ಟಿ ನೋಡುವವನು

ನನ್ನ ಕುರಿ ವ್ಯಾಪಾರದಲ್ಲಿ ಪರಶುರಾಂಪುರದ ಕಡೆಯ ಕುರಿಗಾರನೊಬ್ಬ ಪರಿಚಯವಾಗಿದ್ದ. ಓದು ಬಾರದವನು. ಉಣ್ಣೆ ನೋಡಿ ಮರುಳಾಗದೆ, ಒಳಗೆ ಮಾಂಸ ಎಷ್ಟಿದೆಯೆಂದು ಬೆನ್ನೆಲುಬು ಒತ್ತಿ ನೋಡಿಯೇ ಕುರಿ ಕೊಳ್ಳುತ್ತಿದ್ದ. ಯಾವ ಮಾತು ಬಂದರೂ, “ಬೆನ್ನು ಮುಟ್ಟಿ ನೋಡ್ಬೇಕ್ರಿ” ಎನ್ನುತ್ತಿದ್ದ.

ಅವನ ಮಗಳನ್ನು ಶಾಲೆಗೆ ಸೇರಿಸುವಾಗ ನಾನೇ ಬುದ್ಧಿ ಹೇಳಿದೆ: “ಸರ್ಕಾರಿ ಶಾಲೆ ಬ್ಯಾಡ ಕಣಲೇ, ಐದು ಕ್ಲಾಸಿಗೆ ಇಬ್ಬರೇ ಮೇಷ್ಟ್ರು. ಚಳ್ಳಕೆರೆಗೆ ಕಳ್ಸು, ನನ್ನ ಮಗ ಹೋಗೋ ಇಂಗ್ಲಿಷ್ ಶಾಲೆಗೆ. ಫೀಸು ನಾನು ಕಮ್ಮಿ ಮಾಡಿಸ್ತೀನಿ.”

ಅವನು ಕುರಿಗೆ ಕುಡಿಸುವ ಜಂತುಹುಳದ ಔಷಧಿಯ ಬಾಟಲಿ ಹಿಡಿದು ಸರ್ಕಾರಿ ಶಾಲೆಗೆ ಹೊರಟ. ನಾನೂ ಹಿಂದೆಯೇ ಹೋದೆ. ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳಿಗೆ ಬಾಟಲಿ ಕೊಟ್ಟು, “ಓದವ್ವ” ಎಂದ. ಅವಳು ಚೀಟಿಯ ಮೇಲೆ ಬೆರಳಿಟ್ಟು ತಡವರಿಸುತ್ತ ಓದಿ, ತಲೆಯೆತ್ತಿದಳು.

“ಇದರ ತಾರೀಕು ಮುಗುದೈತೆ ಮಾವ, ಕುರಿಗೆ ಕುಡಿಸ್ಬ್ಯಾಡ.”

ಅವನು ಅಲ್ಲೇ ಮಗಳ ಹೆಸರು ಬರೆಸಿದ. ಹೊರಗೆ ಬಂದು ಬಾಟಲಿಯನ್ನು ನನ್ನ ಕೈಗಿಟ್ಟ. “ನಿಮ್ಮ ಹುಡುಗನ ಬೆನ್ನು ಮುಟ್ಟಿ ನೋಡೀರಾ ಸಾವ್ಕಾರ್ರೆ?”

ಈಗ ಯಾರು ಶಾಲೆಯ ವಿಷಯ ಕೇಳಿದರೂ, ಬಾಟಲಿ ಹಿಡಿದು ಹೋಗಿ ಓದಿಸಿ ನೋಡಿ ಎನ್ನುತ್ತೇನೆ. ನನ್ನ ಮಗ ಏಳನೆಯ ತರಗತಿಗೆ ಬಂದಿದ್ದಾನೆ. ಆ ಬಾಟಲಿ ಮಾತ್ರ ಇನ್ನೂ ಬೀರುವಿನೊಳಗೇ ಇದೆ.