ಇಬ್ಬರ ಪಾಲಿನ ತೆನೆ

ಸೆರಫಿನಾ ಮೂವತ್ತು ವರ್ಷ ಹೊಸನಗರದ ಒಂದು ಹಾಸ್ಟೆಲ್ಲಿನಲ್ಲಿ ನೂರಾರು ಮಕ್ಕಳಿಗೆ ಬೇಯಿಸಿ ಹಾಕಿದವಳು. ಈಗ ತನ್ನೊಬ್ಬಳಿಗೆಂದು ಒಂದು ಹಿಡಿ ಅಕ್ಕಿ ಅಳೆಯಲು ಅವಳಿಗೆ ಬರುವುದಿಲ್ಲವೆಂದರೆ ನಂಬುತ್ತೀರಾ? ಹಾಸ್ಟೆಲ್ ಮುಚ್ಚಿತು. ಅದರ ಹಿಂದೆಯೇ, ಫೆಬ್ರವರಿಯಲ್ಲಿ, ಗಂಡ ಬಡಗಿ ಲಾದ್ರು ತೀರಿಕೊಂಡ. ಮಕ್ಕಳಿಲ್ಲ. ಚರ್ಚಾದರೂ ಹತ್ತಿರವಿರಲಿ ಎಂದು ತೀರ್ಥಹಳ್ಳಿಗೆ ಬಂದು ಗುತ್ಯಮ್ಮ ಎಂಬವಳ ಮನೆಯ ಹಿಂದಿನ ಕೋಣೆ ಬಾಡಿಗೆಗೆ ಹಿಡಿದಳು. ತಂದ ಗೋಣಿಚೀಲವನ್ನು ಮಾತ್ರ ಬಿಚ್ಚಲಿಲ್ಲ. ಮಂಗಳೂರು ಕಡೆಯ ವೃದ್ಧಾಶ್ರಮವೊಂದರಿಂದ ಸೆಪ್ಟೆಂಬರ್ ಕೊನೆಗೆ ಬನ್ನಿ ಎಂದು ಪತ್ರ ಬಂದಿತ್ತು. ಹೊರಟು ನಿಂತವಳು ಚೀಲ ಬಿಚ್ಚುವುದೇಕೆ?

ಗುತ್ಯಮ್ಮನೊಡನೆ ಆರು ತಿಂಗಳಲ್ಲಿ ಆಡಿದ ಮಾತು ನಲ್ಲಿನೀರಿನದಷ್ಟೇ. ಇಬ್ಬರಿಗೂ ಬಿಗುಮಾನ.

ಸೆಪ್ಟೆಂಬರ್ ಎಂಟಕ್ಕೆ ಮೊಂತಿ ಹಬ್ಬ ಬಂತು. ಮೇರಿಯಮ್ಮ ಹುಟ್ಟಿದ ದಿನ, ಹೊಸ ಬೆಳೆಯ ದಿನ. ಘಟ್ಟದ ಮೇಲಿನ ಗದ್ದೆಗಳಲ್ಲಿ ಆಗಿನ್ನೂ ಭತ್ತ ತೆನೆ ಬಿಟ್ಟಿರುವುದಿಲ್ಲ. ತೆನೆ ಕರಾವಳಿಯಿಂದ ಆಗುಂಬೆ ಘಾಟಿ ಹತ್ತಿ ಬಸ್ಸಿನಲ್ಲಿ ಬರುತ್ತದೆ. ಪಾದ್ರಿಗಳು ಆಶೀರ್ವದಿಸಿದ ಆ ತೆನೆಯ ಕಾಳು ಸುಲಿದು, ಪಾಯಸಕ್ಕೆ ಹಾಕಿ, ಮನೆಯವರೆಲ್ಲ ಒಟ್ಟಿಗೆ ಕುಳಿತು ಉಣ್ಣಬೇಕು. ಒಬ್ಬರೇ ಉಣ್ಣುವ ಹಬ್ಬವಲ್ಲ ಅದು. ಅದಕ್ಕೇ ಸೆರಫಿನಾ ಚರ್ಚಿನಲ್ಲಿ ಮೇರಿಯಮ್ಮನಿಗೆ ಹೂ ಹಾಕಿದವಳೇ ಹಿಂಬಾಗಿಲಿನಿಂದ ಜಾರಿಕೊಳ್ಳುವುದರಲ್ಲಿದ್ದಳು. ತಲೆಗೊಂದರಂತೆ ತೆನೆ ಹಂಚುತ್ತಿದ್ದ ಚರ್ಚಿನ ಹುಡುಗ ಸುನಿಲ್ ಬಿಡಬೇಕಲ್ಲ.

"ಆಂಟಿ, ಮನೇಲಿ ಎಷ್ಟ್ ಜನ?"

"ಇಬ್ರು," ಎಂದುಬಿಟ್ಟಳು. ನಲವತ್ತು ವರ್ಷದ ರೂಢಿ.

ಎರಡು ತೆನೆ ಕೈಗೆ ಬಂದವು. ದಾರಿಯುದ್ದಕ್ಕೂ ಅತ್ತಳು. ಮೇರಿಯಮ್ಮನ ಎದುರೇ ಸುಳ್ಳು ಹೇಳಿದಂತಾಯಿತು. ಹಿಂದಿರುಗಿಸೋಣವೆಂದರೆ, ನಾನು ಒಬ್ಬಳೇ ಎಂದು ಬಾಯಿಬಿಟ್ಟು ಹೇಳಬೇಕಾಗಿತ್ತು. ಆ ಮಾತನ್ನು ಅವಳು ಇದುವರೆಗೂ ಯಾರಿಗೂ ಹೇಳಿರಲಿಲ್ಲ.

ಪಾಯಸವಾಯಿತು. ಇನ್ನೊಂದು ಪಾಲಿಗೆ ಮುಚ್ಚಳ ಮುಚ್ಚಿಟ್ಟು ಗುತ್ಯಮ್ಮನ ಬಾಗಿಲಿಗೆ ಹೋದಳು.

"ಹೊಸ ತೆನೆ ಪಾಯಸ. ಒಂದು ಪಾಲು ಹೆಚ್ಚಿಗೆ ಇದೆ. ತಂದುಕೊಡ್ಲಾ?"

"ಹೊಸ್ತಾ?" ಗುತ್ಯಮ್ಮ ಸೆರಗಿಗೆ ಕೈ ಒರೆಸಿಕೊಂಡಳು. "ಹೊಸ್ತಿನ ಊಟ ಬಾಗ್ಲಲ್ಲಿ ನಿಂತು ಇಸ್ಕೊಳ್ಳೋದಲ್ಲ ಬಾಯಮ್ಮ. ನಡೀರಿ, ಕೈಕಾಲು ತೊಳ್ಕಂಡು ಬಂದೆ."

ಬಂದು ಚಾಪೆಯ ಮೇಲೆ ಕುಳಿತೇಬಿಟ್ಟಳು. ಹೊರಗಿದ್ದದ್ದು ಒಂದೇ ತಟ್ಟೆ. ಲಾದ್ರುವಿನದು ಗೋಣಿಚೀಲದೊಳಗೆ. ಸೆರಫಿನಾ ಚೀಲವನ್ನು ನೋಡಿದಳು, ಗಂಟಿಗೆ ಕೈ ಹಾಕಿದಳು. ಅದು ಬಿಚ್ಚಿಕೊಳ್ಳಲಿಲ್ಲ. ಚಾಕು ತಂದು ಹಗ್ಗವನ್ನೇ ಕತ್ತರಿಸಿದಳು.

ಗುತ್ಯಮ್ಮ ತಟ್ಟೆ ಬಳಿದು ಉಂಡಳು. "ನಮ್ಮನೆ ಹೊಸ್ತು ದೀಪಾವಳಿ ಹೊತ್ತಿಗೆ. ಅವತ್ತು ನಿಮ್ಮ ಎಲೆ ನಮ್ಮಲ್ಲಿ. ಇರ್ತೀರಲ್ಲ?"

ಸೆರಫಿನಾ ತಟ್ಟೆಗಳನ್ನು ಎತ್ತಿಕೊಂಡು ಎದ್ದಳು. ಗುತ್ಯಮ್ಮ ಹೋದ ಮೇಲೆ ಎರಡೂ ತಟ್ಟೆ ತೊಳೆದಳು. ಲಾದ್ರು ಇಲ್ಲದ ಕೋಣೆ ಮೊದಲಿನಷ್ಟೇ ಖಾಲಿ. ಅವನ ತಟ್ಟೆ ಹಿಡಿದ ಕೈ ಚೀಲದ ಕಡೆಗೇ ಹೋಯಿತು. ಚೀಲ ಕಟ್ಟಲು ಹಗ್ಗವಿರಲಿಲ್ಲ. ತಟ್ಟೆಯನ್ನು ತನ್ನದರ ಪಕ್ಕಕ್ಕೆ ಗೋಡೆಯ ಗೂಡಿನಲ್ಲಿಟ್ಟಳು.

"ಇರ್ತೀನಿ," ಎಂದಳು. ಗುತ್ಯಮ್ಮ ಆಗಲೇ ಅಂಗಳ ದಾಟಿ ಮನೆ ಸೇರಿದ್ದಳು. ಸೆರಫಿನಾ ಬಾಗಿಲಿಗೆ ಬಂದು, ಜೋರಾಗಿ ಇನ್ನೊಮ್ಮೆ ಹೇಳಿದಳು.