ಶೂರ ಎಂದು ಕೇಳಿಸಿದ ಮಾತು

ನನ್ನ ಅಜ್ಜಿಗೆ ಅವಳ ಕಿರಿಮಗನೇ ಮಾತು ಕೊಟ್ಟು ತಪ್ಪಿದ. ತಪ್ಪಿದ ಮೇಲೆ, ಆ ಮಾತನ್ನು ಅವಳು ಕೇಳಿಸಿಕೊಂಡ ಬಗೆಗಾಗಿ ಅವಳನ್ನೇ ಹತ್ತು ಜನರೆದುರು ನಗೆಪಾಟಲು ಮಾಡಿದ. ಹುರಿಗಡಲೆ ಹಿಟ್ಟಿಗೆ ಬೆಲ್ಲದ ಬಿಸಿ ಪಾಕ ಬೀಳುವ ವಾಸನೆ ಎಲ್ಲಿಯೇ ಬರಲಿ, ಇಂದಿಗೂ ನನ್ನ ತಲೆ ತಾನಾಗಿ ತಗ್ಗುತ್ತದೆ.

ಮಧುಗಿರಿಯ ಬೆಟ್ಟದ ಬುಡದಲ್ಲಿತ್ತು ನಮ್ಮ ಮನೆ. ಹಗಲೆಲ್ಲ ಕಾದ ಬಂಡೆ ಸಂಜೆಗೆ ಬಿಡುವ ಬಿಸಿಯುಸಿರು ನಡುಮನೆಯವರೆಗೂ ಬರುತ್ತಿತ್ತು. ಆ ಕಿರಿಮಗ, ಶಿರಾದಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ನನ್ನ ಚಿಕ್ಕಪ್ಪ, ಆಗಾಗ ಕಾರಿನಲ್ಲಿ ಬಂದು ಹೋಗುತ್ತಿದ್ದರು. ಮಂಡಿನೋವಿನಿಂದ ಬಸ್ಸು ಹತ್ತಲಾರದ ಅಜ್ಜಿ ಒಮ್ಮೆ ಅವರನ್ನು ಕೇಳಿದಳು: "ಬಲಸಮುದ್ರದಾಗೆ ನನ್ ತಂಗಿ ಹಾಸ್ಗೆ ಹಿಡ್ದವ್ಳಂತೆ ಕಣಪ್ಪ. ಒಂದ್ಕಿತ ಮುಖ ನೋಡ್ಕಂಡ್ ಬಂದ್ಬುಡ್ತೀನಿ, ಕರ್ಕೊಂಡೋಗ್ತೀಯ?"

"ಶೂರ್! ಭಾನುವಾರ ಬೆಳಿಗ್ಗೆ ರೆಡಿಯಾಗಿರು," ಎಂದರು ಚಿಕ್ಕಪ್ಪ.

ಅಮ್ಮ ಅನುಮಾನಿಸಿದಾಗ ಅಜ್ಜಿಯೇ ಮಗನ ಪರ ನಿಂತಳು. "ಬತ್ತಾನೆ ಬುಡಮ್ಮ, ಶೂರ ಅಂದವ್ನೆ. ಮಾತು ತಪ್ಪೋನು ಅಂಗಂತಾನಾ?"

ಭಾನುವಾರ ಅವಳು ವಿಭೂತಿ ಧರಿಸಿ, ತಂಗಿಗೆಂದು ಕಟ್ಟಿದ ತಂಬಿಟ್ಟಿನ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಕುಳಿತಳು. ಶಿರಾ ದಾರಿಯ ಬಡವನಹಳ್ಳಿ ಕಡೆಯಿಂದ ಬರುವ ಪ್ರತಿಯೊಂದು ಗಾಡಿಯ ಸದ್ದಿಗೂ ಸೆರಗು ಸರಿಪಡಿಸಿಕೊಳ್ಳುತ್ತಿದ್ದಳು. ಕತ್ತಲಾದ ಮೇಲೆ ಗಂಟು ಬಿಚ್ಚಿ, "ತಿನ್ರೇ, ಕೆಟ್ಟೋಗ್ತದೆ," ಎಂದು ನಮಗೇ ಹಂಚಿದಳು. ಮುಂದಿನ ಭಾನುವಾರಕ್ಕೆ ಮತ್ತೆ ಹುರಿಗಡಲೆ ಹಿಟ್ಟಿಗೆ ಪಾಕ ಹೊಯ್ದಳು. ಆ ಭಾನುವಾರವೂ ಕಾರು ಬರಲಿಲ್ಲ.

ಕಾರು ಬಂದದ್ದು ತಂಗಿಯ ತಿಥಿಗೆ. ನಾನೂ ಅಜ್ಜಿಯ ಜೊತೆ ಹೋಗಿದ್ದೆ. ಹೊಸ್ತಿಲಲ್ಲೇ ತಂಗಿಯ ಮಗಳು ಆ ಕಡೆಯ ತೆಲುಗು ಬೆರೆತ ಮಾತಿನಲ್ಲಿ ದೊಡ್ಡಮ್ಮನನ್ನು ಕೇಳಿದಳು: "ಏಂ ಪೆದ್ದಮ್ಮ, ಇಪ್ಪುಡಾ ಬರೋದು? ಅಮ್ಮ ಬಾಗ್ಲು ಕಡೇನೇ ನೋಡ್ತಾ ಇತ್ತು."

"ಇವ್ನು ಶೂರ ಅಂದಿದ್ದ ಕಣವ್ವ. ಅದ್ಕೇ ಕಾಯ್ತಾ ಕುಂತಿದ್ದೆ."

ಚಿಕ್ಕಪ್ಪ ನಕ್ಕರು. "ಅಯ್ಯೋ, ನಾನಂದಿದ್ದು ಇಂಗ್ಲಿಷಿನ ಶೂರ್, ಖಂಡಿತ ಅಂತ! ಅಮ್ಮ ಶೂರ ಅಂದ್ಕೊಂಡವ್ಳೆ. ಏನವ್ವಾ, ಕತ್ತಿ ಹಿಡ್ಕೊಂಡು ಕುದುರೆ ಮೇಲೆ ಬರ್ಬೇಕಿತ್ತಾ?" ಸಾವಿನ ಮನೆಯವರೂ ನಕ್ಕರು. ನಾಚಬೇಕಾದವರು ನಾಚಲಿಲ್ಲ. ಆ ನಾಚಿಕೆಯನ್ನು ಅಜ್ಜಿ ಸೆರಗಿನಲ್ಲಿ ಮುಚ್ಚಿಕೊಂಡಳು, ಉಳಿದದ್ದು ನನ್ನ ಪಾಲಿಗೆ ಬಂತು. ಅಂದಿನಿಂದ ಅವಳು ಆ ಮಗನನ್ನು ಏನನ್ನೂ ಬೇಡಲಿಲ್ಲ.

ಎಷ್ಟೋ ವರ್ಷಗಳ ನಂತರ ದೊಡ್ಡ ನಿಘಂಟೊಂದರಲ್ಲಿ ಆ ಪದವನ್ನು ಹುಡುಕಿದೆ. ಚಿಂತೆಯಿಲ್ಲದ ಎಂಬರ್ಥದ ಲ್ಯಾಟಿನ್ ಮಾತು ಫ್ರೆಂಚರ ಬಾಯಲ್ಲಿ ಸವೆದು ಇಂಗ್ಲಿಷಿಗೆ ಬಂದು 'ಶೂರ್' ಆಯಿತಂತೆ. ಮೊದಲು ಅಪಾಯವಿಲ್ಲದ ಎಂದಿದ್ದ ಅರ್ಥ, ಬರುಬರುತ್ತ ಸಂಶಯವಿಲ್ಲದ ಎಂದಾಯಿತಂತೆ. ಹಾಗಾದರೆ ಚಿಕ್ಕಪ್ಪ ಪದದ ಮೂಲಾರ್ಥಕ್ಕೆ ತಪ್ಪಿದವರಲ್ಲ. ಅವರಿಗೆ ಯಾವ ಚಿಂತೆಯೂ ಇರಲಿಲ್ಲ.

ಈಗ ಚಿಕ್ಕಪ್ಪನಿಲ್ಲ, ಜಗಲಿಯಿಲ್ಲ. ಬಲಸಮುದ್ರದವರ ಹೊಲದಲ್ಲಿ ಸೋಲಾರ್ ಫಲಕಗಳು ಬಿಸಿಲು ಕುಡಿಯುತ್ತಿವೆ. ಆ ಹಾಸ್ಯ ಮಾತ್ರ ಉಳಿದಿದೆ. ಮೊನ್ನೆ ಕೊರಟಗೆರೆಯ ಗೃಹಪ್ರವೇಶದಲ್ಲಿ ಚಿಕ್ಕಪ್ಪನ ಮಕ್ಕಳು ಅಜ್ಜಿಯ ದನಿಯನ್ನು ಅಣಕಿಸಿ ಅದನ್ನೇ ಹೇಳಿದರು. ಪಂಕ್ತಿಯೆಲ್ಲ ನಕ್ಕಿತು. ಎಲೆಯ ಮೇಲಿದ್ದ ತಂಬಿಟ್ಟನ್ನು ನಾನು ಮುಟ್ಟಲಿಲ್ಲ.

ತಮ್ಮಂದಿರೇ, ನಿಮ್ಮನ್ನೇ ಕೇಳುತ್ತಿದ್ದೇನೆ: ಮಗ ಆಡಿದ ಮಾತಿಗೆ ಅವನಿಗಿಂತ ದೊಡ್ಡ ಅರ್ಥ ಕೊಟ್ಟು ಕಾದು ಕುಳಿತವಳಲ್ಲಿ, ನಿಮಗೆ ನಗು ಬರುವಂಥದ್ದು ಏನು ಕಂಡಿತು?