ದೇವದುರ್ಗಕ್ಕೆ ಹೋದ ಚಾಕು

ಅಂಚೆಚೀಟಿ ಕೂಡಿಸುವವನನ್ನು ಸಮಾಜ ಜಾಣನೆನ್ನುತ್ತದೆ, ಹಳೆಯ ನಾಣ್ಯ ಕೂಡಿಸುವವನನ್ನು ರಸಿಕನೆನ್ನುತ್ತದೆ. ಮಡಚುವ ಚಾಕು ಕೂಡಿಸುವವನನ್ನು ಮಾತ್ರ ಏನೂ ಅನ್ನದೆ ಸ್ವಲ್ಪ ದೂರ ಸರಿದು ಕೂರುತ್ತದೆ. ಈ ಸತ್ಯವನ್ನು ನಾನು ಎಪ್ಪತ್ತರ ದಶಕದ ನಡುವಿನಲ್ಲಿ, ಮಾನ್ವಿಯಲ್ಲಿ ಶಾಲಾ ಮಾಸ್ತರನಾಗಿದ್ದಾಗ ಕಂಡುಕೊಂಡೆ. ಆಗ ದೇಶದಲ್ಲಿ ಎಲ್ಲರೂ ಎಲ್ಲರನ್ನೂ ಅನುಮಾನದಿಂದಲೇ ನೋಡುತ್ತಿದ್ದ ಕಾಲ. ನನ್ನ ಕಿಸೆಯಲ್ಲಿ ಅದಕ್ಕೆ ಕಾರಣವೂ ಇತ್ತು.

ಅಕ್ಕನ ಮನೆ ರಾಯಚೂರಿನಲ್ಲಿ. ರಜೆ ಸಿಕ್ಕಾಗ ಹೋಗುವುದು, ಉಂಡು, ಅಕ್ಕನ ಬುದ್ಧಿಮಾತು ಕೇಳಿ, ಸಂಜೆ ಗುಜರಿ ಅಂಗಡಿಗಳ ಸಾಲಿಗೆ ನಡೆಯುವುದು. ಅಲ್ಲೊಬ್ಬ ಮುದಿ ವ್ಯಾಪಾರಿ ಹಳೆಯ ಬೀಗ, ಮೊಳೆ, ತಕ್ಕಡಿ ಬಟ್ಟಲುಗಳ ನಡುವೆ ಚಾಕುಗಳನ್ನು ಚಿಂದಿಯಲ್ಲಿ ಸುತ್ತಿ ಇಟ್ಟಿರುತ್ತಿದ್ದ. ಮೊದಲ ಸಲವೇ ನನ್ನನ್ನು ಮೇಲಿಂದ ಕೆಳಗೆ ಅಳೆದ.

"ಪೊಲೀಸ್ ಖಾತೇದವ್ರೇನ್ರೀ ಸಾಬ್?"

"ಅಲ್ರೀ. ಸಾಲಿ ಮಾಸ್ತರ."

"ಮಾಸ್ತರಗ ಚಾಕು ಯಾಕ ಬೇಕ್ರೀ?"

"ಪೆನ್ಸಿಲ್ ಕೆತ್ತಾಕ."

ಮುಂದಿನ ತಿಂಗಳು ಮತ್ತೊಂದು ಕೊಂಡೆ. ಅದರ ಮುಂದಿನ ತಿಂಗಳು ಇನ್ನೊಂದು. ಆಗ ಕೇಳಿದ: "ಮಾಸ್ತರ್, ಮಾನ್ವಿದಾಗ ಇಷ್ಟು ಪೆನ್ಸಿಲ್ ಎಲ್ಲಿಂದ ಬರಾಕತ್ತಾವ್ರೀ?"

ಅನುಮಾನದಲ್ಲಿ ನಾನೇನೂ ಹಿಂದೆ ಬಿದ್ದಿರಲಿಲ್ಲ. ಬೆಳ್ಳನೆಯ ಹಿಡಿಯ ಒಂದು ಚಾಕನ್ನು ಆನೆ ದಂತದ್ದೆಂದು ಅವನು ಆಣೆ ಮಾಡಿದಾಗ, ಆ ಆನೆ ಎಲ್ಲಿ ಸತ್ತಿತೆಂದು ವಿಚಾರಿಸಿದೆ. "ಹೈದರಾಬಾದಿನ್ಯಾಗ್ರೀ," ಎಂದ, ಅದರ ಮಣ್ಣಿಗೆ ಹೋಗಿ ಬಂದವನಷ್ಟು ಗಂಭೀರವಾಗಿ. ಮನೆಗೆ ಬಂದು ಸೂಜಿ ಕಾಯಿಸಿ ತಾಗಿಸಿದೆ. ಹೈದರಾಬಾದಿನ ಆನೆ ಅಂಗಿಯ ಗುಂಡಿ ಸುಟ್ಟಂತೆ ನಾತ ಹೊಡೆಯಿತು.

ನನಗೆ ಎಂಥ ಚಾಕು ಇಷ್ಟ ಎಂಬುದು ನನಗೇ ಗೊತ್ತಿರಲಿಲ್ಲ. ಮೊದಮೊದಲು ದೊಡ್ಡದೇ ಶ್ರೇಷ್ಠವೆಂದು ನಂಬಿದೆ. ಬಿಚ್ಚಿದರೆ ಕಟಕಟ ಸದ್ದು ಮಾಡುವ ಒಂದನ್ನು ತಂದು, ಹೋಟೆಲಿನಲ್ಲಿ ಬಾಳೆಹಣ್ಣು ಹೆಚ್ಚಲು ಬಿಚ್ಚಿದೆ. ಎದುರು ಕೂತಿದ್ದವರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ಆಮೇಲೆ ಬಾಟಲಿ ತೆರೆಯುವ, ಡಬ್ಬಿ ಕೊರೆಯುವ, ಕಿವಿ ಕೆರೆಯುವ ಅಂಗಾಂಗಗಳೆಲ್ಲ ಇದ್ದ ಒಂದಕ್ಕೆ ಮನಸೋತೆ. ಅದು ಎಲ್ಲ ಕೆಲಸಕ್ಕೂ ಸಿದ್ಧವಿತ್ತು, ಕೊಯ್ಯುವುದೊಂದನ್ನು ಬಿಟ್ಟು. ಹಿತ್ತಾಳೆಯ ಹಿಡಿಯವು, ಮೀನಿನ ಆಕಾರದವು, ಎಲ್ಲವನ್ನೂ ಒರೆಸಿ, ಎಣ್ಣೆ ಹಚ್ಚಿ ಟ್ರಂಕಿನಲ್ಲಿ ಮಲಗಿಸಿದೆ. ಇವುಗಳ ಜೊತೆಗೆ ಚೀಕಲಪರ್ವಿಯಲ್ಲಿ ಹೊಳೆದಂಡೆಯ ಒಬ್ಬ ಕಲ್ಲಂಗಡಿ ಬೆಳೆಗಾರನಿಂದ ಬಂದ ಒಂದು ಗಿಡ್ಡ ಚಾಕು ಇತ್ತು. ಎಮ್ಮೆ ಕೋಡಿನ ಹಿಡಿ, ಉಗುರು ಹಾಕಿ ಎಳೆದರೆ ಮಾತ್ರ ಬಿಚ್ಚುವ ಕಪ್ಪು ಅಲಗು. ಅದನ್ನು ನಾನು ಸಂಗ್ರಹದಲ್ಲಿ ಲೆಕ್ಕಕ್ಕೇ ಹಿಡಿಯಲಿಲ್ಲ. ಅದು ಕಿಸೆಯಲ್ಲಿ ಬಿದ್ದಿರುತ್ತಿತ್ತು.

ಈ ಹೊತ್ತಿಗೆ ಅಕ್ಕ ದೇವದುರ್ಗದಲ್ಲಿ ಒಂದು ಹೆಣ್ಣು ಗೊತ್ತು ಮಾಡಿದ್ದಳು. ಈ ಮೊದಲು ಕೂಡಿಬಂದ ಸಂಬಂಧವೊಂದು ಚಾಕುಗಳ ಸುದ್ದಿ ಕಿವಿಗೆ ಬೀಳುತ್ತಲೇ ಹಿಂದೆ ಸರಿದಿತ್ತು. "ಲೇ ತಮ್ಮಾ, ಇದೂ ಹೋತಂದ್ರ ಆ ಟ್ರಂಕಿಗೇ ತಾಳಿ ಕಟ್ಟು," ಎಂದು ಅಕ್ಕ ಎಚ್ಚರಿಕೆ ಕೊಟ್ಟಿದ್ದಳು. ಮಾನ್ವಿಗೆ ಮರಳಿದ ಕೆಲವೇ ದಿನಕ್ಕೆ ಪಾನ್ ಅಂಗಡಿಯವನು ಕರೆದ.

"ಮಾಸ್ತರ, ದೇವದುರ್ಗದಿಂದ ನಿಮ್ಮ ವಿಚಾರಣಿಗೆ ಬಂದಿದ್ರು. ಛೊಲೋನ ಹೇಳೀನಿ."

"ಏನ್ ಹೇಳಿದಿ?"

"ಕುಡಿಯಂಗಿಲ್ಲ, ಇಸ್ಪೀಟ್ ಆಡಂಗಿಲ್ಲ ಅಂದೆ. ಚಾಕು ಇಟ್ಟಾರ ಖರೆ, ಆದ್ರ ಇನ್ನತನ ಯಾರಿಗೂ ಹಾಕಿಲ್ಲ ಅಂದೆ."

ಇಷ್ಟು ಬಲವಾದ ಶಿಫಾರಸಿನ ಫಲವಾಗಿ ಮರುವಾರವೇ ಹುಡುಗಿಯ ಸೋದರಮಾವ ನನ್ನ ಬಾಡಿಗೆ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ತಲೆಗೆ ಸುತ್ತಿದ ಬಿಳಿ ಪಟಗ, ಕಿರಿದು ಮಾಡಿದ ಕಣ್ಣು.

"ಹಿಂಗ ಎಮ್ಮಿ ನೋಡಾಕ ಮಾನ್ವಿಗೆ ಬಂದಿದ್ದೆರೀ."

"ಸಿಕ್ತೇನ್ರೀ?"

"ನೋಡಾಕತ್ತೀನಿ," ಎಂದು ನನ್ನನ್ನೇ ನೋಡಿದರು. ಕೂತ ಮೇಲೆ ನೇರ ವಿಷಯಕ್ಕೆ ಬಂದರು: "ಚಾಕು ಅವಂತಲ್ಲ. ತೋರಸ್ರಿ."

ಟ್ರಂಕು ತೆರೆದು, ಮೊದಲನೆಯದನ್ನು ಉತ್ಸಾಹದಿಂದ ಅವರ ಕೈಗೆ ಚಾಚಿದೆ. ಕಾದ ಹೆಂಚು ಮುಟ್ಟಿದವರಂತೆ ಕೈ ಹಿಂದೆಳೆದುಕೊಂಡರು.

"ಕೈಯಾಗ ಕೊಡಬ್ಯಾಡ್ರಿ. ಜಗಳ ಹತ್ತತದ. ಮೊದಲ ಬೀಗತನದ ಮಾತು ನಡದದ. ನೆಲಕ್ಕಿಡ್ರಿ."

ಹರಿತ ಬಾಯಿಯ ಕಬ್ಬಿಣವನ್ನು ಕೈಯಿಂದ ಕೈಗೆ ದಾಟಿಸಬಾರದೆಂಬ ನೇಮ ಮರೆತದ್ದಕ್ಕೆ ನಾಚಿ, ಎಲ್ಲವನ್ನೂ ಚಾಪೆಯ ಮೇಲೆ ಸಾಲಾಗಿ ಇಟ್ಟೆ. ಕಿಸೆಯಲ್ಲಿದ್ದುದನ್ನೂ ಕೊನೆಗಿಟ್ಟೆ. ಅವರು ಒಂದೊಂದನ್ನೇ ಎತ್ತಿ, ಮೂಸಿ, "ಇದರ್ಲೆ ಏನು ಕೊಯ್ತೀರಿ?" ಎಂದು ಕೇಳುತ್ತ ಹೋದರು. "ಏನೂ ಇಲ್ಲ," ಎಂದು ನಾನು ಹೇಳುತ್ತ ಹೋದೆ. ಅದು ಸತ್ಯ. ಆದರೆ ಸಾಲು ಮುಗಿಯುವ ಹೊತ್ತಿಗೆ ನನ್ನ ಕಿವಿಗೇ ಅದು ಕಳ್ಳನ ಹೇಳಿಕೆಯಂತೆ ಕೇಳಿಸತೊಡಗಿತ್ತು.

"ಮತ್ತ ಈ ಗಿಡ್ಡದು?"

"ಅದು ಬಿಡ್ರಿ, ದಿನಾ ಪ್ಯಾರಲ ಹಣ್ಣು ಹೆಚ್ಚಾಕ."

ಚಹಾ ಹೇಳಿ ಬರಲು ನಾನು ಹೊರಗೆ ಹೋಗಿಬಂದೆ. ಅವರು ಚಹಾ ಕುಡಿದು, ಎಮ್ಮೆಯ ವಿಚಾರ ತಿಳಿಸುತ್ತೇನೆಂದು ಹೇಳಿ ಹೊರಟುಹೋದರು. ಚಾಪೆ ಎತ್ತುವಾಗ ನೋಡಿದರೆ ಗಿಡ್ಡ ಚಾಕು ಇಲ್ಲ.

ಟ್ರಂಕು ಬರಿದು ಮಾಡಿದೆ, ಚಾಪೆ ಕೊಡವಿದೆ. ಪಕ್ಕದ ಮನೆಯವರನ್ನು, ಚಹಾ ತಂದವನನ್ನು, ಕೊನೆಗೆ ನನ್ನನ್ನೇ ಅನುಮಾನಿಸಿದೆ. ಎಲ್ಲ ದಾರಿಗಳೂ ತಿರುಗಿ ಬಿಳಿ ಪಟಗಕ್ಕೇ ಬಂದು ನಿಂತವು. ವಿಚಿತ್ರವೆಂದರೆ, ಹೈದರಾಬಾದಿನ ಆನೆ ಹೋಗಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಇದು ಹೋದದ್ದು ತಡೆಯಲಾಗಲಿಲ್ಲ. ಟ್ರಂಕಿನಲ್ಲಿ ಇದ್ದುದೆಲ್ಲ ನಾನು ಕೊಂಡದ್ದು. ನನಗೆ ಬೇಕಾದದ್ದು ಅದೊಂದೇ ಆಗಿತ್ತೆಂದು ಆ ಸಂಜೆ ತಿಳಿಯಿತು. ಅಲಗಿನ ನಡುವೆ ಒಂದು ಸಣ್ಣ ಮುಕ್ಕು ಇತ್ತು. ಏನು ಹೆಚ್ಚಿದರೂ ಹೋಳಿನ ಮೇಲೆ ಕೂದಲೆಳೆಯಂಥ ಗೆರೆ ಮೂಡುತ್ತಿತ್ತು. ಆ ಗೆರೆಯಿಲ್ಲದ ಹಣ್ಣು ತಿನ್ನುವುದನ್ನೇ ನಾನು ಮರೆತಿದ್ದೆ.

ಅಕ್ಕನಿಗೆ ಹೇಳಿದರೆ ಅವಳು ತಲೆ ಚಚ್ಚಿಕೊಂಡಳು. "ಬೀಗರ ಮ್ಯಾಲ ಕಳವು ಹೊರಿಸಿ ಲಗ್ನ ಆಗೋನೇನಲೇ? ನಾಳೆ ಹೆಣ್ಣು ನೋಡಾಕ ಬರ್ರಿ ಅಂತ ಹೇಳಿ ಕಳಿಸ್ಯಾರ. ಚಾಕು ಅಂತ ಬಾಯಿ ಬಿಟ್ಟಿ ಅಂದ್ರ ನೋಡು."

ಹೀಗೆ ನಾನು ದೇವದುರ್ಗದ ಆ ಪಡಸಾಲೆಯಲ್ಲಿ ಬಾಯಿ ಬಿಗಿದು ಕೂತೆ. ಯಾರ ಮುಖವನ್ನೂ ನೋಡಲಿಲ್ಲ. ಕೈಗಳನ್ನು, ಕಿಸೆಗಳನ್ನು, ಸೋದರಮಾವನ ಅಡಿಕೆ ಚೀಲವನ್ನು ಮಾತ್ರ ನೋಡುತ್ತಿದ್ದೆ. ಹುಡುಗಿಯ ಅಜ್ಜಿ ಮೆಲ್ಲಗೆ ಮೆಚ್ಚಿಕೊಂಡರು: "ತಲಿ ಎತ್ತವಲ್ಲ ನೋಡ್ರಿ. ಭಾಳ ಮರ್ಯಾದಸ್ತ ಹುಡುಗ."

ಹುಡುಗಿ ತಟ್ಟೆ ತಂದಿಟ್ಟಳು. ಪೇರಲ ಹಣ್ಣಿನ ಹೋಳುಗಳು. ಪ್ರತಿಯೊಂದರ ಮೇಲೂ ಕೂದಲೆಳೆಯಂಥ ಗೆರೆ.

"ಏನರ ಕೇಳೋದಿದ್ರ ಕೇಳಪ್ಪ," ಎಂದರು ಅವಳ ತಂದೆ. ಅಡಿಗೆ, ಹಾಡು, ಓದು ಇತ್ಯಾದಿ ವಿಷಯಗಳಿಗಾಗಿ ಹಿರಿಯರು ಮೀಸಲಿಟ್ಟಿದ್ದ ಆ ಪವಿತ್ರ ಕ್ಷಣದಲ್ಲಿ ನಾನು ತಟ್ಟೆಯನ್ನೇ ನೋಡುತ್ತ ಕೇಳಿದೆ: "ಇದನ್ನ ಯಾವುದರ್ಲೆ ಹೆಚ್ಚಿದ್ರಿ?"

ಅಕ್ಕನ ಮೊಣಕೈ ನನ್ನ ಪಕ್ಕೆಗೆ ತಾಗಿತು.

"ಚಾಕುಲೆ," ಎಂದಳು ಹುಡುಗಿ.

"ಯಾವ ಚಾಕು?"

"ನಿಮ್ಮದು."

ಸೋದರಮಾವನಿಗೆ ಕೆಮ್ಮು ಬಂತು. ಹುಡುಗಿ ನಿಲ್ಲಿಸಲಿಲ್ಲ. "ಥಳಥಳ ಅನ್ನೋವು ನೋಡಿ ಏನು ಮಾಡ್ತಿ ಮಾವಾ, ದಿನಾ ಬಳಸೋದು ಯಾವುದದ ಅದನ್ನ ತಗೊಂಡು ಬಾ ಅಂತ ನಾನ ಹೇಳಿದ್ದೆ. ಕೇಳಿ ತಾ ಅಂದಿದ್ದೆ. ಅಂವ ಕೇಳದ ತಂದಾನ."

"ಕೇಳಿದ್ರ ಕೊಡ್ತಿದ್ದನೇನ ಇಂವ? ಮುಖ ನೋಡು," ಎಂದರು ಮಾವ.

"ಏನು ಕಂಡಿತಬೇ ಯವ್ವಾ ಅದರಾಗ?" ಅಜ್ಜಿ ಕೇಳಿದರು.

"ಪ್ಯಾರಲ ವಾಸನಿ. ಬ್ಯಾರೆ ಏನೂ ಇಲ್ಲ."

ಪಡಸಾಲೆ ನಕ್ಕಿತು. ಅಷ್ಟು ದಿನ ಊರೆಲ್ಲ ನನ್ನ ವಿಚಾರಣೆ ಮಾಡಿತ್ತು. ಚಾಕನ್ನು ವಿಚಾರಿಸಿದವಳು ಇವಳೊಬ್ಬಳೇ. ನಾನು ಆಗ ಮೊದಲ ಸಲ ತಲೆ ಎತ್ತಿದೆ. ಅವಳೂ ನನ್ನನ್ನು ನೋಡುತ್ತಿದ್ದಳು, ಸೋದರಮಾವನ ಅದೇ ಕಿರಿದು ಮಾಡಿದ ಕಣ್ಣಿನಿಂದ.

"ಅವರ ಚಾಕು ಅವರಿಗೆ ಕೊಟ್ಟಬಿಡು," ಎಂದರು ತಂದೆ.

"ಕೊಡ್ಲೇನ್ರೀ?" ಎಂದಳು.

ಕೊಡಿ ಎಂದರೆ ಮದುವೆಗಿಂತ ಚಾಕು ದೊಡ್ಡದಾಯಿತೆಂದು ಅರ್ಥ. ಬೇಡ ಎಂದರೆ ಬರಿಗಿಸೆಯಲ್ಲಿ ಮಾನ್ವಿಗೆ ಹೋಗಬೇಕು. ಅಕ್ಕನ ಮೊಣಕೈ ಮತ್ತೆ ಸಿದ್ಧವಾಗುತ್ತಿತ್ತು.

"ಇರ್ಲಿ ಬಿಡ್ರಿ," ಎಂದೆ.

ಮಾನ್ವಿಯಲ್ಲಿ ಟ್ರಂಕು ತೆರೆದು, ಉಳಿದ ಚಾಕುಗಳಲ್ಲಿ ಒಂದೊಂದರಿಂದಲೂ ಪೇರಲ ಹೆಚ್ಚಿ ನೋಡಿದೆ. ಹೋಳುಗಳು ನುಣ್ಣಗಿದ್ದವು, ರುಚಿಯಿರಲಿಲ್ಲ. ದಿನ ಗೊತ್ತು ಮಾಡಲು ಹಿರಿಯರು ಕೂಡಿದಾಗ, ಅವಸರವೇನಿದೆ, ದೀಪಾವಳಿ ಕಳೆಯಲಿ ಎಂದರು. ಅಷ್ಟು ದಿನ ಯಾಕೆ, ಹತ್ತಿರದ ಮುಹೂರ್ತವೇ ಇರಲಿ ಎಂದು ನಾನು ಹೇಳಿಬಿಟ್ಟೆ. ಹುಡುಗನಿಗೆ ಹುಡುಗಿಯ ಮೇಲೆ ಎಂಥ ಆಸೆ ನೋಡಿರಿ ಎಂದು ಎರಡೂ ಮನೆಯವರು ಬಾಯಿಗೆ ಸೆರಗು, ಪಟಗದ ತುದಿ ಹಚ್ಚಿಕೊಂಡು ನಕ್ಕರು. ನಾನು ಅವರನ್ನು ತಿದ್ದಲಿಲ್ಲ. ನಿಜವಾದ ಕಾರಣ ಅವಳೊಬ್ಬಳಿಗೆ ಹೊಳೆದಿತ್ತೆಂದು ನನಗೆ ಈಗಲೂ ಅನುಮಾನ.